ಗೀಟುಗಳ ಲೆಕ್ಕ

ಹದಿನೆಂಟು ನೂರು ಡಾಲರಿಗೆ ವ್ಯಾನು.
ತುಕ್ಕು ಪುಕ್ಕಟೆ, ಎಂದಳು ಜೊರ್ಜೆಟ್.
ಸೀಟಿನ ಕೆಳಗೊಂದು ಬೂಟಿನ ಡಬ್ಬಿ, ಅದೂ ಪುಕ್ಕಟೆ:
"ನಮ್ಮ ರೊಸೇರನ ಕ್ಯಾಸೆಟ್ಟು. ಗಣಿಯ ಸಿಡಿಮದ್ದು
ಎಡಗಿವಿಯನ್ನು ತಿಂದಿತ್ತು. ಉಳಿದೊಂದಕ್ಕೆ
ಎರಡು ಕಿವಿಯ ಹಸಿವು.
ರಜೆ ಸಿಕ್ಕರೆ ಸಾಕು, ಹೊರಟೇಬಿಡುತ್ತಿದ್ದ."

ನಾನು ರಕ್ತ ಸಾಗಿಸುವವಳು.
ಸಡ್ಬರಿಯಿಂದ ಒಟ್ಟಾವಾಕ್ಕೆ, ವಾರಕ್ಕೆ ನಾಲ್ಕು ರಾತ್ರಿ.
ಹಿಂದೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ
ಯಾರ್ಯಾರದೋ ಸಕ್ಕರೆ, ಯಾರ್ಯಾರದೋ ಭಯ.
ಹಾಡುಗೀಡು ನನಗೆ ಹತ್ತದು.
ನಿದ್ದೆ ಬಾರದಿರಲೆಂದು ಹಾಕಿದ್ದು, ಅಷ್ಟೆ.

ಲೇಬಲ್ಲಿನ ಮೇಲೆ ಹಾಡುಗಾರರ ಹೆಸರಿಲ್ಲ.
ಊರು, ಚಳಿ, ಇಷ್ಟೇ ಬರೆದಿಟ್ಟಿದ್ದ ಪುಣ್ಯಾತ್ಮ:
'ಮಟ್ಟಾವಾ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.'
ಒಳಗೆ ಯಾರದೋ ಅಡುಗೆಮನೆ. ಪಿಟೀಲು.
ಕುರ್ಚಿ ಬಿಟ್ಟೇಳದೆಯೇ ಕುಣಿವ ಎರಡು ಪಾದ,
ಹಲಗೆಯ ನೆಲಕ್ಕೆ ಟಕಟಕ ಟಕಟಕ
ಬಾಣಲೆಯಲ್ಲಿ ಜೋಳ ಸಿಡಿದಂತೆ.
ನಡುವೆ ಒಬ್ಬಾಕೆ ಫ್ರೆಂಚಿನಲ್ಲಿ ಗದರುತ್ತಾಳೆ:
ಸೂಪು ಆರುತ್ತಿದೆ.
ಪಿಟೀಲಿಗೆ ಅದು ಕೇಳಿಸುವುದಿಲ್ಲ.

ಆಮೇಲೊಂದು ರಾತ್ರಿ ಹ್ಯಾಮಿಲ್ಟನ್ನಿನ ಗ್ಯಾರೇಜು.
ಹುಡುಗರು ಗಿಟಾರು ನುಡಿಸುತ್ತಿರಲಿಲ್ಲ, ಅದಕ್ಕೆ ಹೊಡೆಯುತ್ತಿದ್ದರು.
ಉಕ್ಕಿನ ಕಾರ್ಖಾನೆ ಅವರಪ್ಪಂದಿರನ್ನು
ಮನೆಗೆ ಕಳಿಸಿದ ವರ್ಷವಿರಬೇಕು.
ಡೀಪ್ ರಿವರಿನ ತಿರುವಿನಲ್ಲಿ ನಾನೂ ಕೂಗಿದೆ,
ಪದ ತಿಳಿಯದೆ, ಗಾಜು ಮುಚ್ಚಿಕೊಂಡು.
ಹಿಂದಿನ ರಕ್ತವೆಲ್ಲ ಅಲುಗಿರಬೇಕು.

'ಸಸ್ಕಾಚೆವನ್, ಊರು ಮರೆತೆ, ಇಪ್ಪತ್ತೆರಡು ಮೇಲೆ.'
ಉಕ್ರೇನಿನವರ ಚರ್ಚು. ಮುದುಕರು ಎಂಟೇ ಜನ.
ಮಂದ್ರ ಎಷ್ಟು ಆಳವೆಂದರೆ
ಸ್ಟೀರಿಂಗು ಕೈಯೊಳಗೆ ಗುಂಯ್‌ಗುಟ್ಟಿತು.
ಒಬ್ಬನ ಉಸಿರು ಮುಗಿದಲ್ಲಿ ಇನ್ನೊಬ್ಬ
ಹೆಗಲು ಕೊಟ್ಟ ಹಾಗೆ ದನಿ ಕೊಟ್ಟ.
ಇದು ಮೊದಲು ಹಿಡಿಸಲಿಲ್ಲ, ನಿಜ ಹೇಳಬೇಕು.
ಮೂರನೇ ಸಲಕ್ಕೆ ಹಿಡಿಸಿತು.
ನಾಲ್ಕನೆಯದಕ್ಕೆ ಪೆಂಬ್ರೋಕ್ ಬಂಕಿನ ದೀಪದಡಿ
ವ್ಯಾನು ನಿಲ್ಲಿಸಿಕೊಂಡು ಕೇಳಿದೆ.

ಒಂದನ್ನು ಮಾತ್ರ ಪೂರ್ತಿ ಕೇಳಿರಲಿಲ್ಲ.
ಲೇಬಲ್ಲಿನಲ್ಲಿ ಊರಿಲ್ಲ, ಚಳಿಯಿಲ್ಲ, ಬರೀ ಗೀಟು:
ಒಂದು ಕಡೆ ಏಳು, ಒಂದು ಕಡೆ ನಾಲ್ಕು.
ಇಬ್ಬರು ಹೆಂಗಸರು. ಉಸಿರನ್ನೇ ಗರಗಸ ಮಾಡಿ
ಆಚೆ ಎಳೆಯುತ್ತಾರೆ, ಈಚೆ ಎಳೆಯುತ್ತಾರೆ.
ಹೆಬ್ಬಾತಿನ ರೆಕ್ಕೆಯೋ, ಹಿಮದ ಮೇಲೆ ಜಾರುಬಂಡಿಯೋ
ಎಂದು ಅಂದಾಜಿಸುವಷ್ಟರಲ್ಲಿ
ಕಿಸಕ್ಕನೆ ನಕ್ಕು ಕೆಡಿಸುತ್ತಾರೆ. ಪ್ರತಿ ಸಲ.
ಪಾಪ, ತಾಳ ತಪ್ಪಿತು, ಎಂದುಕೊಳ್ಳುತ್ತಿದ್ದೆ.
ರೊಸೇರನ ಒಂಟಿಕಿವಿಗೆ
ಇದನ್ನೇಕೆ ಉಳಿಸಬೇಕೆನಿಸಿತೋ.

ಒಟ್ಟಾವಾದ ಆಸ್ಪತ್ರೆ, ಹಿಂಬಾಗಿಲು, ನಸುಕಿನ ನಾಲ್ಕು.
ರಕ್ತಕ್ಕೆ ಸಹಿ ಹಾಕಲು ಬರುವವಳು ಸಿಯಾಸಿ,
ಮರವೇ ಬೆಳೆಯದ ಉತ್ತರದವಳು. ಮಾತು ಕಡಿಮೆ.
ಅಂದು ಎಂಜಿನ್ ಆರಿಸಿರಲಿಲ್ಲ, ಕ್ಯಾಸೆಟ್ಟು ಓಡುತ್ತಿತ್ತು.
ಅವಳ ಪೆನ್ನು ನಿಂತಿತು.
"ಕೆಟ್ಟಿದೆ ಅದು," ನಾನೆಂದೆ, "ನಡುನಡುವೆ ನಗುತ್ತಾರೆ."
"ಮೊದಲು ನಕ್ಕವಳು ಸೋತಳು," ಎಂದಳು. "ಅದು ಆಟ.
ನನ್ನಕ್ಕ ಒಂದು ಸಲವೂ
ನನ್ನನ್ನು ಗೆಲ್ಲಲು ಬಿಟ್ಟವಳಲ್ಲ."

ಗೀಟು! ಏಳು, ನಾಲ್ಕು.
ಯಾವ ಕೋಣೆಯ ಮೂಲೆಯಲ್ಲೋ ಪೆನ್ಸಿಲ್ ಹಿಡಿದು
ಲೆಕ್ಕ ಇಡುತ್ತ ಕೂತ ಗಣಿಯವನು,
ಎಡಗಿವಿ ಗೋಡೆಗೆ, ಬಲಗಿವಿ ಅವರಿಗೆ.
ನಾನು ತಪ್ಪೆಂದು ಕೇಳಿದ್ದನ್ನೆಲ್ಲ
ಅವನು ಅಂಕವೆಂದು ಕೇಳಿದ್ದ.

ಸಿಯಾಸಿ ಬಾಗಿಲು ತೆರೆದು ಪಕ್ಕದ ಸೀಟಿಗೆ ಹತ್ತಿದಳು.
ಸಹಿ ಅರ್ಧಕ್ಕೇ ನಿಂತಿತ್ತು.
"ಹಿಂದಕ್ಕೆ ಸುತ್ತು," ಎಂದಳು. ಸುತ್ತಿದೆ.
"ತಗ್ಗು ದನಿಯವಳು ಸೋಲುತ್ತಾಳೆ, ನೋಡು,"
ಇನ್ನೂ ಉಸಿರು ಶುರುವಾಗುವ ಮೊದಲೇ.
ನಾನು ತಗ್ಗು ದನಿಯವಳ ಮೇಲೆ
ಒಂದು ಕಾಫಿ ಪಣ ಕಟ್ಟಿದೆ.